ಒಂದು ಪೆನ್ಸಿಲ್ ದಪ್ಪ ಆಚೆಗೆ

ಹವಾಮಾನ ಕಚೇರಿಯಲ್ಲಿ ಅವಳನ್ನು ಎಲ್ಲರೂ ಕರೆಯುವುದು ಸೊಸೆ ಎಂದೇ. ಸೇರಿದ ಹೊಸದರಲ್ಲಿ ಅದಕ್ಕೊಂದು ಅರ್ಥವಿತ್ತು. ಚಂಡಮಾರುತ ವಿಭಾಗದ ಮುಖ್ಯಸ್ಥರು ಅವಳ ಮಾವ. ಆಮೇಲೆ ಮಾವ ನಿವೃತ್ತರಾದರು, ತೀರಿಯೂ ಹೋದರು. ಅವಳೇ ಆ ಕುರ್ಚಿಯಲ್ಲಿ ಕೂತು ಎದ್ದಳು, ತಲೆ ಬೆಳ್ಳಗಾಯಿತು. ಆದರೂ ನಿನ್ನೆ ಮೊನ್ನೆ ಸೇರಿದವರೂ 'ಸೊಸೆ ಮೇಡಂ' ಎನ್ನುವುದನ್ನು ಬಿಡಲಿಲ್ಲ. ಯಾರ ಸೊಸೆ ಎಂದು ಕೇಳಿದರೆ ಅರ್ಧ ಜನಕ್ಕೆ ಗೊತ್ತಿಲ್ಲ. ಅಡ್ಡಹೆಸರು ಎಣ್ಣೆಜಿಡ್ಡಿನ ಹಾಗೆ, ಎಷ್ಟು ತೊಳೆದರೂ ಬಿಡುವುದಿಲ್ಲ.

ಈಗಿನ ಮುಖ್ಯಸ್ಥನ ಫೋನು ಬಂದಾಗ ಅವಳು ಬಾಲ್ಕನಿಯಲ್ಲಿ ಬಟ್ಟೆ ಒಣಹಾಕುತ್ತಿದ್ದಳು. ಒಂದು ಕಾಲದಲ್ಲಿ ಅವಳ ಕೈಕೆಳಗೇ ಕೆಲಸ ಕಲಿತವನು.

"ಸೊಸೆ ಮೇಡಂ, ಸಮುದ್ರದಲ್ಲಿ ಒಂದು ಚಂಡಮಾರುತ ಎದ್ದಿದೆ. ದೂರ ಇದೆ, ಯೋಚನೆ ಇಲ್ಲ. ಆದರೆ ಇನ್ಮೇಲೆ ಕಣ್ಣಿಡೋ ಕೆಲಸ ನಿಲ್ಲಿಸ್ತಿದ್ದೀವಿ. ಹೊಸ ಕಂಪ್ಯೂಟರ್ ಮಾದರಿಗೆ ಅದು ಬೇಕಾಗಿಲ್ಲ. ಕಡೇ ಸಲ ನೀವೇ ಬಂದು ಇಟ್ಟುಕೊಡಿ, ಎರಡನ್ನೂ ಹೋಲಿಸಿ ನೋಡೋಣ ಅಂತ."

"ಅಂದ್ರೆ ಹೆಣ ಎತ್ತೋಕೆ ಕರೀತಿದ್ದೀಯ."

"ಛೆ ಛೆ, ಬಿಡ್ತು ಅನ್ನಿ ಮೇಡಂ."

ಒಳಗೆ ಪತ್ರಿಕೆ ಓದುತ್ತಿದ್ದ ಗಂಡ ತಲೆಯೆತ್ತಿ, "ಗಾಳಿ ಎದ್ದಿದೆಯಾ? ನಾನೂ ಬರ್ತೀನಿ, ಕ್ಯಾಂಟೀನಲ್ಲಿ ಕೂತಿರ್ತೀನಿ" ಎಂದ. ಹಡಗಿನ ಇಂಜಿನ್ನುಗಳ ಜೊತೆ ಆಯುಷ್ಯ ಕಳೆದು ಮನೆ ಸೇರಿದ್ದ ಅವನಿಗೆ ಹೊರಗೆ ಹೋಗಲು ಯಾವ ನೆಪವಾದರೂ ಸಾಕಿತ್ತು.

ಬಸ್ಸಿನಲ್ಲಿ ಕೂತವಳಿಗೆ ಹಳೆಯದೆಲ್ಲ ನುಗ್ಗಿ ಬಂತು. ಕಣ್ಣಿಡುವುದು ಎಂದರೆ ಈಗಿನವರಿಗೆ ನಗು ಬರುತ್ತದೆ, ಆಗ ಅದು ಜೀವದ ಪ್ರಶ್ನೆ. ಇಂದಿನ ಗಾಳಿಯನ್ನು ಕೊಟ್ಟರೆ ನಾಳೆಯ ಗಾಳಿಯನ್ನು ಲೆಕ್ಕ ಹಾಕಿ ಕೊಡುವುದು ಕಂಪ್ಯೂಟರಿನ ಕೆಲಸ. ಆದರೆ ಇಂದಿನದನ್ನು ಹೇಳಬೇಕಲ್ಲ? ನೆಲದ ಮೇಲಾದರೆ ಊರೂರಿಗೆ ಅಳೆಯುವವರಿದ್ದರು. ಸಮುದ್ರದಲ್ಲಿ ಯಾರಿದ್ದಾರೆ? ಅಲ್ಲೊಂದು ಹಡಗು, ಇಲ್ಲೊಂದು ತೇಲುವ ಡಬ್ಬಿ. ನಡುವೆ ಇಡೀ ಚಂಡಮಾರುತ ಕಾಲು ಚಾಚಿ ಮಲಗಿದ್ದರೂ ಯಂತ್ರದ ಪಾಲಿಗೆ ಸಮುದ್ರ ಶಾಂತ. ಅದಕ್ಕೇ ಉಪಗ್ರಹದ ಚಿತ್ರ ನೋಡಿ, ಸುಳಿಯ ನಡುಮಧ್ಯ, ಅಂದರೆ ಅದರ ಕಣ್ಣು, ಎಲ್ಲಿದೆ, ಅಲ್ಲಿ ಒತ್ತಡ ಎಷ್ಟು ಕುಸಿದಿದೆ ಎಂದು ಮನುಷ್ಯರೇ ಅಂದಾಜು ಮಾಡಿ, ಒಂದು ಕಟ್ಟಿದ ಸುಳಿಯನ್ನು ಯಂತ್ರದೊಳಗೆ ಕೈಯಾರೆ ಕೂರಿಸುತ್ತಿದ್ದರು. ಅದೇ ಕಣ್ಣಿಡುವುದು. ಮುಂದೆ ಅದು ಯಾವ ದಿಕ್ಕಿಗೆ ಹೋಗುತ್ತದೆ ಎಂದು ಯಂತ್ರ ಹೇಳುತ್ತಿತ್ತು. ಮೊದಲ ಹೆಜ್ಜೆ ತಪ್ಪಿಟ್ಟರೆ ಮುಂದಿನದೆಲ್ಲ ತಪ್ಪು. ಬುಡ ಸೊಟ್ಟಗಾದ ಗಿಡದ ಹಾಗೆ.

ಅದಕ್ಕಾಗಿ ಮಾವ ಒಂದು ಪದ್ಧತಿ ಮಾಡಿದ್ದರು. ಕಣ್ಣಿಡಲು ಯಾವಾಗಲೂ ಇಬ್ಬರು ಬೇಕು. ಒಂದೇ ಚಿತ್ರದ ಎರಡು ಪ್ರತಿ, ಎರಡು ಪಾರದರ್ಶಕ ಹಾಳೆ, ಎರಡು ಪೆನ್ಸಿಲ್. ಬೆನ್ನಿಗೆ ಬೆನ್ನು ಹಾಕಿ ಕೂರಬೇಕು. ಗುರುತು ಹಾಕಿದ ಮೇಲೆ ಎರಡೂ ಹಾಳೆಗಳನ್ನು ಕೆಳಗೆ ದೀಪ ಉರಿಯುವ ಮೇಜಿನ ಗಾಜಿನ ಮೇಲೆ ಒಂದರ ಮೇಲೊಂದು ಇಟ್ಟು ನೋಡಬೇಕು. ಉಗುರಿನಷ್ಟು ವ್ಯತ್ಯಾಸ ಇದ್ದೇ ಇರುತ್ತಿತ್ತು. ಜಗಳವಾಡಿ ನಡುವಿನ ಜಾಗಕ್ಕೆ ಒಪ್ಪುತ್ತಿದ್ದರು. ಸುಳಿ ಯಾವುದಾದರೂ ದ್ವೀಪದ ಬಳಿ ಹಾದಾಗ ನಿಜ ಹೊರಬೀಳುತ್ತಿತ್ತು. ಯಾರ ಗುರುತು ಹೆಚ್ಚು ದೂರವೋ ಅವರು ಚಹಾ ಕೊಡಿಸಬೇಕು. ಮಾವ ಮತ್ತು ಸೊಸೆ ಎಷ್ಟು ವರ್ಷ ಹೀಗೆ ಕಚ್ಚಾಡಿದರೆಂದರೆ, ಕ್ಯಾಂಟೀನಿನ ಹೆಂಗಸು ಅದಕ್ಕೆ 'ಕಣ್ಣಿನ ಚಹಾ' ಎಂದು ಹೆಸರಿಟ್ಟುಬಿಟ್ಟಿದ್ದಳು.

ಮನೆಯಲ್ಲಿ ಮಾತ್ರ ಅತ್ತೆಯ ಕಾನೂನು. ಊಟದ ಮೇಜಿನ ಮುಂದೆ ಗಾಳಿಯ ಮಾತು ಎತ್ತಬಾರದು. "ಚಪ್ಪಲಿ ಜೊತೆ ಅದನ್ನೂ ಹೊರಗೇ ಬಿಟ್ಟು ಬನ್ನಿ" ಎನ್ನುತ್ತಿದ್ದರು. ಸೊಸೆಯ ಗಂಡ, ಅಂದರೆ ಅವರ ಒಬ್ಬನೇ ಮಗ, ದ್ವೀಪಗಳ ದೀಪಸ್ತಂಭಗಳಿಗೆ ಡೀಸೆಲ್ಲು, ಬ್ಯಾಟರಿ, ತರಕಾರಿ ಒಯ್ಯುವ ಸಣ್ಣ ಹಡಗಿನಲ್ಲಿ ಎರಡನೇ ಇಂಜಿನಿಯರ್. ತಿಂಗಳಲ್ಲಿ ಅರ್ಧ ಸಮುದ್ರದಲ್ಲಿ. ಅವನನ್ನು ಕಳಿಸಲು ಬಂದರಿಗೆ ಅತ್ತೆ ಹೋಗುತ್ತಿದ್ದರು, ಸೊಸೆ ಹೋಗುತ್ತಿದ್ದಳು. ಮಾವ ಒಂದು ದಿನವೂ ಹೋಗಲಿಲ್ಲ. "ಕಚೇರಿಯಲ್ಲಿ ಕೆಲಸ ಇದೆ" ಅಷ್ಟೇ.

"ಅಪ್ಪನಿಗೆ ನಾನು ನಕ್ಷೆ ಮೇಲಿನ ಒಂದು ಗುರುತು, ಅಷ್ಟೇ ಕಣೇ," ಎನ್ನುತ್ತಿದ್ದ ಗಂಡ, ಚೀಲ ತುಂಬುತ್ತಾ. ನಗುತ್ತಲೇ ಹೇಳುತ್ತಿದ್ದ. ಆದರೆ ಪ್ರತಿ ಸಲ ಹೇಳುವ ಮಾತಿನಲ್ಲಿ ನಗು ಎಷ್ಟಿದ್ದೀತು?

ಆ ವರ್ಷದ ಗಾಳಿ ಎದ್ದಾಗ ಹಡಗು ಒಂದು ದ್ವೀಪದ ಬಳಿ ಲಂಗರು ಹಾಕಿ ನಿಂತಿತ್ತು. ಚಂಡಮಾರುತ ಅದರ ಪೂರ್ವಕ್ಕೆ. ಮುಂದಿನ ದ್ವೀಪಕ್ಕೆ ಹೊರಡಲೋ, ಎಲ್ಲ ಬಿಟ್ಟು ದಕ್ಷಿಣಕ್ಕೆ ಓಡಲೋ ಎಂದು ಕ್ಯಾಪ್ಟನ್ ರೇಡಿಯೊದಲ್ಲಿ ಕೇಳಿದ್ದರು. ಉತ್ತರ ಕೊಡಬೇಕಾದವರು ಮಾವ, ಸೊಸೆ. ಬೆಳಗಿನ ತಿಂಡಿಯ ಹೊತ್ತಿಗೆ ಅತ್ತೆ ತಾವೇ ಮಾಡಿದ ಕಾನೂನನ್ನು ತಾವೇ ಮುರಿದರು.

"ಅವನಿರೋ ಕಡೆ ಬರಲ್ಲ ತಾನೇ?"

ಮಾವ ಲೋಟದೊಳಗೆ ನೋಡುತ್ತಾ, "ನೋಡಬೇಕು" ಎಂದರು. ಅಡ್ಡಗೋಡೆಯ ಮೇಲೆ ದೀಪವಿಟ್ಟ ಹಾಗೆ ಮಾತಾಡುವುದು ಅವರ ವೃತ್ತಿ. ಆದರೆ ಅವತ್ತು ಸೊಸೆಗೆ ಸಿಟ್ಟು ಬಂತು. ಹೆಂಡತಿಗೊಂದು ಸುಳ್ಳಾದರೂ ಹೇಳಬಾರದೆ ಈ ಮನುಷ್ಯ ಎಂದುಕೊಂಡಳು.

ಕಚೇರಿಯಲ್ಲಿ ಮಾವ ಎಂದಿನಂತೆ ಮೊದಲು ನಕ್ಷೆ ಬಿಡಿಸಿ, ರೇಡಿಯೊದಲ್ಲಿ ಬಂದ ಜಾಗಕ್ಕೆ ಹಡಗಿನ ಗುರುತು ಹಾಕಿದರು. ಸಣ್ಣದೊಂದು ಕತ್ತರಿ ಗುರುತು. ಆಮೇಲೆ ಇಬ್ಬರೂ ಬೆನ್ನು ತಿರುಗಿಸಿ ಕೂತರು. ಚಿತ್ರದಲ್ಲಿ ಸುಳಿಯ ಕಣ್ಣು ಬಿಟ್ಟಿರಲಿಲ್ಲ. ಮೇಲೆ ಮೋಡ ಮುಚ್ಚಿ ಬಿಳಿ ಹತ್ತಿಯ ಗುಡ್ಡೆ. ಸುತ್ತಲಿನ ಎಳೆಗಳು ಎತ್ತ ತಿರುಗಿವೆ ನೋಡಿ ಮಧ್ಯವನ್ನು ಊಹಿಸಬೇಕು. ಇಂಥ ದಿನ ಪೆನ್ಸಿಲ್ ಅತ್ತಿತ್ತ ಆದರೆ ತಪ್ಪೆಂದು ಯಾರೂ ಹೇಳುವ ಹಾಗಿಲ್ಲ.

ಹಾಳೆಗಳನ್ನು ಗಾಜಿನ ಮೇಲೆ ಇಟ್ಟಾಗ ಎರಡೂ ಗುರುತು ಒಂದರ ಮೇಲೊಂದು ಕೂತವು. ಕೂದಲೆಳೆಯಷ್ಟೂ ಅಂತರವಿಲ್ಲ. ಇಬ್ಬರೂ ನಕ್ಕರು. ಅಂದು ಅವರಿಗೆ ಬೇಕಾಗಿದ್ದುದೂ ಅಷ್ಟೇ, ಜಗಳವಿಲ್ಲದೆ ಮುಗಿಯುವುದು. ಅಂಕಿಗಳನ್ನು ಯಂತ್ರಕ್ಕೆ ಉಣಿಸಿದರು. ಮಧ್ಯಾಹ್ನದ ಹೊತ್ತಿಗೆ ಉದ್ದನೆಯ ಮಡಿಕೆ ಕಾಗದದಲ್ಲಿ ಉತ್ತರ ಹೊರಬಂತು. ಸುಳಿ ಉತ್ತರಕ್ಕೆ ಬಾಗಿ ಖಾಲಿ ಸಮುದ್ರಕ್ಕೆ ಹೋಗುತ್ತದೆ. ಹಡಗಿನ ತಂಟೆಗೆ ಬರುವುದಿಲ್ಲ. ಮುಂದಿನ ದ್ವೀಪಕ್ಕೆ ಹೊರಡಬಹುದು ಎಂದು ಮಾವ ರೇಡಿಯೊ ಕೇಂದ್ರಕ್ಕೆ ಹೇಳಿದರು. ಹಡಗು ಲಂಗರು ಎತ್ತಿದ ಸುದ್ದಿಯೂ ಬಂತು. ಸೊಸೆಗೆ ಹೋದ ಜೀವ ಬಂದಂತಾಯಿತು.

ಆಗ ಬಂದಳು ಕ್ಯಾಂಟೀನಿನ ಹೆಂಗಸು, ಕೈಯಲ್ಲಿ ಕೆಟಲ್ ಹಿಡಿದು.

"ಈ ಸಲ ಕಣ್ಣಿನ ಚಹಾ ಯಾರ ಲೆಕ್ಕಕ್ಕಮ್ಮ?"

"ಯಾರದ್ದೂ ಇಲ್ಲ. ಇಬ್ಬರದ್ದೂ ಒಂದೇ ಕಡೆ ಬಿತ್ತು," ಎಂದಳು ಸೊಸೆ.

"ಅಯ್ಯೋ, ನಾನಿಲ್ಲಿ ಬಂದಾಗಿಂದ ನೋಡ್ತಿದ್ದೀನಿ, ನೀವಿಬ್ಬರೂ ಒಪ್ಪಿದ್ದು ಅಂತ ಒಂದು ದಿನ ಇದೆಯಾ! ಮಳೆ ಬರುತ್ತೆ ನೋಡಿ." ಅವಳು ನಗುತ್ತಾ ಚಹಾ ಸುರಿದು ಹೋದಳು. ಪಾಪ, ಅವಳಿಗೇನು ಗೊತ್ತು. ಬಾಯಿಗೆ ಬಂದದ್ದು ಹೇಳಿದ್ದಳು.

ಸೊಸೆ ಲೋಟ ಕೆಳಗಿಟ್ಟಳು. ಕಣ್ಣು ಸ್ಪಷ್ಟವಾಗಿ ಬಿಟ್ಟ ದಿನ ಕೂಡ ಹೊಂದದ ಹಾಳೆಗಳು, ಮೋಡ ಮುಚ್ಚಿದ ದಿನ ಹೊಂದಿದ್ದು ಹೇಗೆ? ತಾನು ಏನು ಮಾಡಿದ್ದೆ ಎಂಬುದು ಅವಳಿಗೆ ಗೊತ್ತಿತ್ತು. ಮಾವನ ಮುಖ ನೋಡಿದಳು. ಅವರೂ ಲೋಟ ಕೆಳಗಿಟ್ಟಿದ್ದರು.

"ಮಾವ," ಎಂದಳು. ಕಚೇರಿಯಲ್ಲಿ ಯಾವಾಗಲೂ ಸರ್ ಎನ್ನುವುದೇ ರೂಢಿ. ಅಂದು ಬಾಯಿ ತಪ್ಪಿತು. "ಎಷ್ಟು ಸರಿಸಿದ್ರಿ?"

ಮಾವ ಕನ್ನಡಕ ತೆಗೆದರು. "ಒಂದು ಪೆನ್ಸಿಲ್ ದಪ್ಪ. ಪೂರ್ವಕ್ಕೆ."

"ನಾನೂ ಅಷ್ಟೇ."

"ನೀನ್ಯಾಕಮ್ಮ?"

"ಮಗನಿಗೇನಾದ್ರೂ ಆದೀತು ಅನ್ನೋ ಹೆದರಿಕೆಗೆ, ಹಡಗು ಹುಷಾರಾಗಿರಲಿ ಅಂತ ನೀವು ಸುಳೀನ ಅದರ ಕಡೆ ಎಳೀತೀರಾ ಅಂದ್ಕೊಂಡೆ. ನಾನು ಸ್ವಲ್ಪ ಆಚೆ ಇಟ್ರೆ ನಡುವಿನ ಜಾಗ ಸರಿಹೋಗುತ್ತೆ ಅಂತ."

"ನಾನೂ ಅದನ್ನೇ ಯೋಚಿಸಿದ್ದು. ಗಂಡನ ಚಿಂತೇಲಿ ನೀನು ಹತ್ತಿರ ಎಳೀತೀಯ, ನಾನು ಆಚೆ ತಳ್ಳೋಣ ಅಂತ." ಅವರು ಕನ್ನಡಕವನ್ನು ಮತ್ತೆ ಹಾಕಿಕೊಂಡರು. "ಇಬ್ಬರೂ ಬುದ್ಧಿವಂತರಾಗಿಬಿಟ್ವಿ. ಒಬ್ಬರಾದ್ರೂ ದಡ್ಡರಿರಬೇಕಿತ್ತು."

ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎನ್ನುತ್ತಾರೆ. ಇಲ್ಲಿ ಎರಡೂ ಒಂದೇ ಕಡೆಗೆ ಎಳೆದಿದ್ದವು. ನಕ್ಷೆಯ ಮೇಲೆ ಪೆನ್ಸಿಲ್ ದಪ್ಪವೆಂದರೆ ಸಮುದ್ರದ ಮೇಲೆ ಒಂದು ಇಡೀ ಜಿಲ್ಲೆಯಷ್ಟು ನೀರು. ಆ ಜಾಗದ ಪಕ್ಕದಲ್ಲೇ ಮೇಲುಗಾಳಿ ಉತ್ತರಕ್ಕೆ ತಿರುಗುತ್ತಿತ್ತು. ಪೂರ್ವಕ್ಕೆ ಸರಿಸಿದ್ದಕ್ಕೆ ಸುಳಿ ಅದರ ಕೈಗೆ ಸಿಕ್ಕು ಬಾಗಿತ್ತು. ಇದ್ದಲ್ಲೇ ಇಟ್ಟಿದ್ದರೆ? ಸಿಗದೆ ನೇರ ಪಶ್ಚಿಮಕ್ಕೆ ನುಗ್ಗಿದರೆ? ಆ ದಾರಿಯಲ್ಲಿ ಈಗ ಹಡಗು ಹೊರಟಿತ್ತು. ಹೋಗಬಹುದು ಎಂದು ಹೇಳಿದವರು ಇವರೇ.

ಮಾವ ಆಗಲೇ ಫೋನು ಎತ್ತಿದ್ದರು. "ಮುಂದೆ ಹೋಗಬೇಡಿ ಅನ್ನಿ. ಇದ್ದಲ್ಲೇ ನಿಧಾನ ಮಾಡಲಿ. ಹೊಸ ಮುನ್ಸೂಚನೆ ಕೊಡ್ತೀವಿ." ಆಮೇಲೆ ಯಂತ್ರದ ಕೋಣೆಗೆ ಓಡಿದರು, ಹಿಂದೆ ಸೊಸೆ. ಅಲ್ಲಿ ಇನ್ನೊಂದು ಫಜೀತಿ. ಆಗ ಇಡೀ ಇಲಾಖೆಗೆ ಇದ್ದದ್ದು ಅದೊಂದೇ ದೊಡ್ಡ ಕಂಪ್ಯೂಟರ್. ಅವತ್ತು ಅದರಲ್ಲಿ ಎಲ್ಲರ ಸಂಬಳದ ಲೆಕ್ಕ ಶುರುವಾಗಿತ್ತು.

"ಈಗ ತಡೆದ್ರೆ ಯಾರಿಗೂ ಒಂದನೇ ತಾರೀಕು ಸಂಬಳ ಇಲ್ಲ ಸಾರ್," ಎಂದ ಯಂತ್ರ ನೋಡಿಕೊಳ್ಳುವವನು.

"ತಡಿ. ಬಯ್ಯೋಕೆ ಬಂದವರನ್ನೆಲ್ಲ ನನ್ನ ಹತ್ರ ಕಳಿಸು."

ಮತ್ತೆ ದೀಪದ ಮೇಜು, ಮತ್ತೆ ಎರಡು ಹಾಳೆ. ಸೊಸೆ ಪೆನ್ಸಿಲ್ ಹಿಡಿದಳು, ಇಟ್ಟಳು. ಕಣ್ಣು ಮತ್ತೆ ಮತ್ತೆ ಆ ಕತ್ತರಿ ಗುರುತಿನ ಕಡೆಗೇ ಹೋಗುತ್ತಿತ್ತು.

"ನನ್ನಿಂದ ಆಗಲ್ಲ ಮಾವ. ಈಗ ಎಲ್ಲಿಟ್ಟರೂ ಸರಿಸಿದ ಹಾಗೇ ಅನ್ಸುತ್ತೆ. ಬೇರೆ ಯಾರನ್ನಾದ್ರೂ ಕರೀರಿ."

"ಬೇರೆ ಯಾರಿದ್ದಾರೆ?" ಎಂದರು ಮಾವ. ನಿಜ, ಆ ಕೆಲಸ ಬಲ್ಲವರು ಕಚೇರಿಯಲ್ಲಿ ಅವರಿಬ್ಬರೇ. ಅವರು ನಕ್ಷೆಯನ್ನು ತಮ್ಮ ಕಡೆ ಎಳೆದುಕೊಂಡು, ಜೇಬಿನಿಂದ ರಬ್ಬರ್ ತೆಗೆದರು. ಹಡಗಿನ ಗುರುತನ್ನು ಉಜ್ಜತೊಡಗಿದರು. ಬೆಳಿಗ್ಗೆ ಒತ್ತಿ ಬರೆದಿದ್ದರಿಂದ ಒಂದೇ ಸಲಕ್ಕೆ ಹೋಗಲಿಲ್ಲ. ಕೈ ನಡುಗುತ್ತಿತ್ತು. ಎಡಗೈಯಿಂದ ಬಲಗೈಯ ಮಣಿಕಟ್ಟನ್ನು ಹಿಡಿದುಕೊಂಡು ಉಜ್ಜಿದರು. ಕಾಗದ ತೆಳ್ಳಗಾಗುವ ತನಕ ಉಜ್ಜಿ, ಪುಡಿ ಊದಿದರು.

"ಅಲ್ಲಿ ಯಾರೂ ಇಲ್ಲ," ಎಂದರು. "ಸಮುದ್ರ ಖಾಲಿ ಇದೆ. ಈಗ ಇಡು."

ಬೆನ್ನಿಗೆ ಬೆನ್ನು ಹಾಕಿ ಕೂತರು. ಸೊಸೆ ಎಳೆಗಳನ್ನಷ್ಟೇ ನೋಡಿದಳು, ಅವು ಸುತ್ತಿಕೊಂಡು ಹೋಗುವಲ್ಲಿಗೆ ಹೋದಳು, ಗುರುತು ಹಾಕಿದಳು. ಹಾಳೆಗಳನ್ನು ಒಂದರ ಮೇಲೊಂದು ಇಟ್ಟಾಗ ನಡುವೆ ಉಗುರಿನಷ್ಟು ಅಂತರವಿತ್ತು. ಆ ಅಂತರ ನೋಡಿ ಅವಳಿಗೆ ಅಳುವೇ ಬಂತು, ಸಮಾಧಾನಕ್ಕೆ.

ದೀಪ ಹಚ್ಚುವ ಹೊತ್ತಿಗೆ ಉತ್ತರ ಬಂತು. ಸುಳಿ ಬಾಗಲಿಲ್ಲ. ನೇರ ಪಶ್ಚಿಮಕ್ಕೆ, ಎರಡು ದ್ವೀಪಗಳ ನಡುವಿನ ನೀರಿಗೆ. ಎಲ್ಲ ಬಿಟ್ಟು ದಕ್ಷಿಣಕ್ಕೆ ಓಡಿ ಎಂದು ಮಾವ ಫೋನಿನಲ್ಲಿ ಕೂಗಿ ಹೇಳಿದರು. ಹಡಗು ತಿರುಗಿತು ಎಂಬ ಮಾತು ಬಂತು. ಆಮೇಲೆ ರೇಡಿಯೊದಲ್ಲಿ ಸದ್ದೇ ಇಲ್ಲ.

ಆ ದಿನಗಳಲ್ಲಿ ಅತ್ತೆ ಏನೂ ಕೇಳಲಿಲ್ಲ. ಮೂವರೂ ಮೇಜಿನ ಮುಂದೆ ಕೂತು ತಟ್ಟೆ ನೋಡಿ ಏಳುತ್ತಿದ್ದರು. ಮಾವ ನಕ್ಷೆಯಲ್ಲಿ ಸುಳಿಯ ದಾರಿಯನ್ನಷ್ಟೇ ಗುರುತಿಸುತ್ತಾ ಹೋದರು. ಹಡಗು ಎಲ್ಲಿದೆಯೆಂದು ತಿಳಿಯದೆ ಅದರ ಗುರುತು ಹಾಕುವುದಾದರೂ ಎಲ್ಲಿ? ಕಡೆಗೊಂದು ಮಧ್ಯಾಹ್ನ, ಆಂಟೆನಾ ಮುರಿದ, ಒಂದು ಪಕ್ಕದ ಕಂಬಿಯೆಲ್ಲ ಬಗ್ಗಿದ ಹಡಗು ತಾನಾಗಿ ಬಂದರಿಗೆ ಬಂತು. ಗಂಡ ಮುರಿದ ಕೈಗೆ ಬಟ್ಟೆ ಕಟ್ಟಿಕೊಂಡು ಮನೆಗೆ ಬಂದ. ಬಂದವನು ಊಟಕ್ಕೆ ಕೂತು ಮೊದಲು ಮಾಡಿದ್ದೇ ಜಗಳ.

"ಮೊದಲು ಹೋಗಿ ಅಂದ್ರಿ. ಆಮೇಲೆ ನಿಲ್ಲಿ ಅಂದ್ರಿ. ಆಮೇಲೆ ಓಡಿ ಅಂದ್ರಿ. ನಿಮ್ಮ ಕಚೇರಿಗೆ ಒಂದು ನಾಲಿಗೆನಾ ಮೂರಾ? ಓಡಿ ಅನ್ನೋದನ್ನ ಮೊದಲೇ ಹೇಳಿದ್ರೆ ಈ ಕೈ ನೆಟ್ಟಗಿರ್ತಿತ್ತು!"

ಮಾವ, ಸೊಸೆ ಒಬ್ಬರ ಮುಖ ಒಬ್ಬರು ನೋಡಿದರು. ಅತ್ತೆ ಮಗನ ತಟ್ಟೆಗೆ ಇನ್ನಷ್ಟು ಬಡಿಸಿ, "ಊಟದ ಮುಂದೆ ಗಾಳಿ ಮಾತಿಲ್ಲ" ಎಂದರು. ಆ ಕಾನೂನು ಅಷ್ಟು ಹಿತವಾಗಿ ಕೇಳಿಸಿದ್ದು ಅದೇ ಮೊದಲು.

ಕೈ ತೊಳೆಯುವಾಗ ಮಾವ ಮೆಲ್ಲಗೆ ಹೇಳಿದ್ದರು. "ಅವನಿಗೆ ಹೇಳಬೇಡ. ನಾವು ಹೆದರಿ ಕೈ ಅಲ್ಲಾಡಿಸ್ತೀವಿ ಅಂತ ಗೊತ್ತಾದ್ರೆ ಹಡಗಿನವರು ನಮ್ಮ ಮಾತು ನಂಬಲ್ಲ. ಈ ಕೆಲಸದಲ್ಲಿ ಮನುಷ್ಯರ ಕೈ ಇರೋತನಕ ಹೇಳಬೇಡ."

ಆಮೇಲಿನ ವರ್ಷಗಳಲ್ಲಿ ಅದೇ ಅವರಿಬ್ಬರ ನಡುವಿನ ತಮಾಷೆಯಾಯಿತು. ಸೊಸೆ ಸಾರಿಗೆ ಉಪ್ಪು ಹಾಕುವಾಗ ಮಾವ ಅಡುಗೆಮನೆಯ ಬಾಗಿಲಲ್ಲಿ ನಿಂತು, "ಎಷ್ಟು ಸರಿಸಿದೆ?" ಎನ್ನುತ್ತಿದ್ದರು. ಅವರು ರಕ್ತದೊತ್ತಡದ ಮಾತ್ರೆ ಮರೆತಿದ್ದರೂ ತೆಗೆದುಕೊಂಡೆ ಎಂದಾಗ ಅವಳು ಅದನ್ನೇ ಕೇಳುತ್ತಿದ್ದಳು. ಅತ್ತೆಗೆ, ಗಂಡನಿಗೆ ಅರ್ಥವಾಗುತ್ತಿರಲಿಲ್ಲ. ಕಚೇರಿ ಹುಚ್ಚು ಎಂದು ಬಿಟ್ಟುಬಿಟ್ಟಿದ್ದರು. ಮಾವ ಹೋದ ಮೇಲೆ ಸೊಸೆ ಎಷ್ಟೋ ಜನರ ಜೊತೆ ಬೆನ್ನಿಗೆ ಬೆನ್ನು ಹಾಕಿ ಕೂತಳು. ಒಳ್ಳೆಯ ಕೆಲಸಗಾರರೇ. ಆದರೆ ಅವರ ಬೆನ್ನಿನಿಂದ ಅವರ ಮನಸ್ಸು ಅವಳಿಗೆ ತಿಳಿಯುತ್ತಿರಲಿಲ್ಲ.

ಬಸ್ಸು ನಿಂತಿತು. ಕಚೇರಿಯಲ್ಲಿ ದೀಪದ ಮೇಜನ್ನು ಅವಳಿಗಾಗಿ ಒರೆಸಿ ಇಟ್ಟಿದ್ದರು. ಚಿತ್ರದಲ್ಲಿ ಕಣ್ಣು ಮುಚ್ಚಿತ್ತು, ಅಂದಿನ ಹಾಗೇ. ಅವಳು ಕನ್ನಡಕ ಏರಿಸಿ, ಎಳೆಗಳನ್ನು ಹಿಂಬಾಲಿಸಿ, ಗುರುತು ಹಾಕಿ ಕೊಟ್ಟಳು. ಮುಖ್ಯಸ್ಥ ಅದನ್ನು ಪರದೆಗೆ ತಂದು, ಹೊಸ ಮಾದರಿ ಯಾರ ಸಹಾಯವೂ ಇಲ್ಲದೆ ಕಂಡುಕೊಂಡಿದ್ದ ಸುಳಿಯ ಮೇಲೆ ಇಟ್ಟ.

"ಮೇಡಂ! ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ಲ!"

ಎಲ್ಲರೂ ಚಪ್ಪಾಳೆ ತಟ್ಟಿದರು. ಸೊಸೆಗೆ ಮಾತ್ರ ಅನುಮಾನ ಬಂತು. ಹಳೆಯ ಅಭ್ಯಾಸ. ಪರದೆಯ ಕಡೆ ನೋಡುತ್ತಾ, "ಎಷ್ಟು ಸರಿಸಿದೆ?" ಎಂದುಬಿಟ್ಟಳು.

"ಏನಂದ್ರಿ ಮೇಡಂ?"

"ಏನಿಲ್ಲಪ್ಪ. ಚೆನ್ನಾಗಿ ಹೊಂದಿದೆ."

ಅದು ಸರಿಸಿರಲಿಲ್ಲ. ಯಾಕೆ ಸರಿಸುತ್ತದೆ? ಸಮುದ್ರದ ಮೇಲೆ ಅದಕ್ಕೆ ಮಗನಿಲ್ಲ, ಗಂಡನಿಲ್ಲ. ಹೀಗಾಗಲಿ ಎಂದೇ ಅವಳು ಅರ್ಧ ಆಯುಷ್ಯ ದುಡಿದದ್ದು. ಇನ್ನು ಹಡಗಿನವರು ನೆಮ್ಮದಿಯಾಗಿರುತ್ತಾರೆ. ಅದು ಒಳ್ಳೆಯದೇ, ಅದರಲ್ಲಿ ಅನುಮಾನವಿಲ್ಲ. ಆದರೂ ಮಾವ ಇರಬೇಕಿತ್ತು ಎನಿಸಿತು.

ಕ್ಯಾಂಟೀನಿನಲ್ಲಿ ಈಗ ಚಹಾವೂ ಯಂತ್ರದಿಂದಲೇ. ಗಂಡ ಎರಡು ಕಾಗದದ ಲೋಟ ಹಿಡಿದು ಕೂತಿದ್ದ.

"ಮುಗೀತಾ?"

"ಮುಗೀತು. ಇನ್ಮೇಲೆ ಇದರಲ್ಲಿ ಯಾರ ಕೈಯೂ ಇಲ್ಲ." ಅವಳು ಎದುರಿಗೆ ಕೂತಳು. "ರೀ, ನಿಮ್ಮ ಕೈ ಮುರೀತಲ್ಲ, ಆ ಗಾಳಿ ವಿಷಯ ಒಂದು ಹೇಳೋದಿತ್ತು."

ಎಲ್ಲ ಹೇಳಿದಳು. ಪೆನ್ಸಿಲ್ ದಪ್ಪದ ಮಾತಿಗೆ ಅವನು ಜೋರಾಗಿ ನಕ್ಕ. "ಅಂತೂ ಇಬ್ಬರು ಸೇರಿ ನನ್ನ ಮುಳುಗಿಸ್ತಿದ್ರಿ!" ಎಂದ. ರಬ್ಬರಿನ ಮಾತು ಬಂದಾಗ ನಗು ನಿಂತಿತು.

"ಅಪ್ಪನ ಕೈ ನಡುಗ್ತಿತ್ತಾ?"

"ಇನ್ನೊಂದು ಕೈಯಲ್ಲಿ ಹಿಡ್ಕೊಂಡು ಉಜ್ಜಿದ್ರು."

ಅವನು ಲೋಟವನ್ನು ಮೇಜಿನ ಮೇಲೆ ತಿರುಗಿಸುತ್ತಾ ಕೂತ. ಆಮೇಲೆ ಕೇಳಿದ, "ಮತ್ತೆ ನಾನು ಬರೋತನಕ ನಕ್ಷೆ ಮೇಲೆ ನಾನಿರಲೇ ಇಲ್ವಾ?"

"ಇರಲಿಲ್ಲ. ನೀವು ಬಂದ ಮಾರನೇ ಬೆಳಿಗ್ಗೆ ಕಚೇರಿಗೆ ಹೋದವರೇ ನಕ್ಷೆ ಬಿಡಿಸಿ ಗುರುತು ಹಾಕಿದ್ರು."

"ಬಂದರಿನ ಮೇಲಾ?"

"ಅಲ್ಲ. ಸಮುದ್ರದ ನಕ್ಷೆಯಲ್ಲಿ ನೆಲ ಖಾಲಿ ಬಿಟ್ಟಿರ್ತಾರಲ್ಲ, ಅಲ್ಲಿ. ನಮ್ಮ ಮನೆ ಇರೋ ಜಾಗದಲ್ಲಿ."

ಗಂಡ ಹಿಂದೆ ಮುರಿದಿದ್ದ ಕೈಯ ಮಣಿಕಟ್ಟನ್ನು ಇನ್ನೊಂದು ಕೈಯಿಂದ ಹಿಡಿದುಕೊಂಡು ಕೂತಿದ್ದ. ಚಹಾ ಆರಿತು. ಆಮೇಲೆ ಎದ್ದು, ಅವಳ ಚೀಲವನ್ನು ತಾನೇ ಹೆಗಲಿಗೆ ಹಾಕಿಕೊಂಡ.

"ನಡಿ," ಎಂದ. "ಮನೆಗೆ ಹೋಗೋಣ."